ಮಳೆಗಾಲದಲ್ಲಿ ಬೀರುವಿನ ಹಿಂದಿನ ಗೋಡೆಗೆ ಬೂಷ್ಟು ಬಂದಿದೆ. ಮೇಲೆ ಪೇಂಟ್ ಬಳಿದರೆ ಸಾಕೇ? ಆರೋಗ್ಯಕ್ಕೆ ತೊಂದರೆ ಇದೆಯೇ?

ಸಾಲದು. ಪೇಂಟಿನ ಕೆಳಗೂ ಬೂಷ್ಟು ಬೆಳೆದು ಪದರವೇ ಎದ್ದುಬರುತ್ತದೆ. ಗೋಡೆಗೆ ಅಂಟಿಸಿಟ್ಟ ಬೀರುವಿನ ಹಿಂದೆ ಗಾಳಿಯಾಡದೆ ತೇವ ನಿಲ್ಲುತ್ತದೆ. ಆಸ್ಪರ್ಜಿಲಸ್, ಕ್ಲಾಡೋಸ್ಪೋರಿಯಂನಂಥ ಶಿಲೀಂಧ್ರಗಳಿಗೆ ಅಷ್ಟು ಸಾಕು. ಇವುಗಳ ಬೀಜಕಣಗಳು ಉಸಿರಿನೊಂದಿಗೆ ಒಳಹೋಗಿ ಸೀನು, ಕೆಮ್ಮು ತರುತ್ತವೆ, ಅಸ್ತಮಾ ಕೆರಳಿಸುತ್ತವೆ. ಆರೋಗ್ಯವಂತರಿಗೆ ಸೋಂಕು ಅಪರೂಪ. ಆದರೆ ಕ್ಯಾನ್ಸರ್‌ಗೆ ಕೀಮೋ ಚಿಕಿತ್ಸೆ ತೆಗೆದುಕೊಂಡು ರೋಗನಿರೋಧಕ ಶಕ್ತಿ ಕುಗ್ಗಿರುವವರನ್ನು ದಯವಿಟ್ಟು ಆ ಕೋಣೆಯಲ್ಲಿ ಮಲಗಿಸಬೇಡಿ.

ಒಣ ಬ್ರಷ್‌ನಿಂದ ಕೆರೆದರೆ ಕಣಗಳು ಮನೆಯೆಲ್ಲ ಹಾರುತ್ತವೆ. ಎನ್95 ಮಾಸ್ಕ್, ಗ್ಲೌಸ್ ಹಾಕಿ, ಕಿಟಕಿ ತೆರೆದು, ಸೋಪಿನ ನೀರಿನಿಂದ ಉಜ್ಜಿ ಒರೆಸಿ. ಬ್ಲೀಚಿಗೆ ವಿನೆಗರ್ ಬೆರೆಸಲೇಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ನೀರು ಸೋರುವ ಜಾಗವನ್ನು ಮೊದಲು ಮುಚ್ಚಿಸಿ. ಒದ್ದೆ 24ರಿಂದ 48 ಗಂಟೆ ಉಳಿದರೆ ಬೂಷ್ಟು ಮತ್ತೆ ಶುರು. ಬೀರುವನ್ನು ನಾಲ್ಕು ಬೆರಳು ಮುಂದಕ್ಕೆಳೆದಿಡಿ. ಪೇಂಟ್ ಏನಿದ್ದರೂ ಮಳೆ ಮುಗಿದು ಗೋಡೆ ಪೂರ್ತಿ ಒಣಗಿದ ಮೇಲೆ.