ಸಿಹಿ, ಸ್ವೀಟ್, ಸ್ವಾದು: ಯಾರಿಗೆ ಯಾರು ನೆಂಟರು?

ಪ್ರಶ್ನೆ: ಕನ್ನಡದ ‘ಸಿಹಿ’, ಇಂಗ್ಲಿಷಿನ ‘ಸ್ವೀಟ್’, ಸಂಸ್ಕೃತದ ‘ಸ್ವಾದು’ ಮೂರೂ ಸಕಾರದಿಂದಲೇ ಶುರುವಾಗುತ್ತವೆ, ಅರ್ಥವೂ ಒಂದೇ. ಮೂರಕ್ಕೂ ಮೂಲ ಒಂದೇ ಇರಬಹುದೇ?

ಉತ್ತರ: ಸ್ವಾದು, ಸ್ವೀಟ್ ಒಂದೇ ಮನೆತನದವು, ಸಿಹಿ ಬೇರೆಯದು. ಮೊದಲೆರಡಕ್ಕೆ ವಿದ್ವಾಂಸರು ಕಟ್ಟಿಕೊಟ್ಟಿರುವ ಮೂಲ ಇಂಡೋ-ಯುರೋಪಿಯನ್ (ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಮುಂತಾದವುಗಳ ತಾಯಿಭಾಷೆ) ಗುಣವಾಚಕ *ಸ್ವೆಹ್₂ದುಸ್. ಗ್ರೀಕಿನ ‘ಹೇದುಸ್’, ಲ್ಯಾಟಿನ್ನಿನ ‘ಸ್ವಾವಿಸ್’ ಕೂಡ ಇದರ ಮಕ್ಕಳೇ.

ಪದಗಳು ಕಿವಿಗೆ ಒಂದೇ ಥರ ಕೇಳಿಸಿದರೆ ಸಾಲದು. ಒಂದು ಧ್ವನಿಯ ಜಾಗದಲ್ಲಿ ಇನ್ನೊಂದು ಧ್ವನಿ ಬೇರೆ ಪದಗಳಲ್ಲೂ ತಪ್ಪದೆ ಬರಬೇಕು. ಸ್ವಾದುವಿನ ದಕಾರಕ್ಕೆ ಇಂಗ್ಲಿಷಿನಲ್ಲಿ ಟಕಾರ ಬಂದಿದೆ. ದಶ–ಟೆನ್, ದ್ವಿ–ಟೂ, ದಂತ–ಟೂತ್, ಪಾದ–ಫುಟ್ ನೋಡಿ, ಎಲ್ಲ ಕಡೆ ಅದೇ ಲೆಕ್ಕ. ಇನ್ನು ‘ಸ್ವ’ಕ್ಕೆ ಗ್ರೀಕಿನಲ್ಲಿ ‘ಹ’ ಬರುತ್ತದೆಯೇ? ಬೆವರಿಗೆ ಸಂಸ್ಕೃತದಲ್ಲಿ ಸ್ವೇದ, ಇಂಗ್ಲಿಷಿನಲ್ಲಿ ಸ್ವೆಟ್, ಗ್ರೀಕಿನಲ್ಲಿ ಹಿದ್ರೋಸ್. ‘ಸ್ವ’, ‘ದ’ ಎರಡರ ನಿಯಮವೂ ಈ ಒಂದೇ ಸಾಲಿನಲ್ಲಿ ಸಿಗುತ್ತದೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸ್ವರದ ದಾರಿ ಸ್ವಲ್ಪ ಸುತ್ತು. ಹಳೆಯ ದೀರ್ಘ ‘ಆ’ ಇಂಗ್ಲಿಷ್ ಸೇರಿರುವ ಜರ್ಮಾನಿಕ್ ಶಾಖೆಯಲ್ಲಿ ‘ಓ’ ಆಯಿತು. ಮುಂದಿನ ಇಕಾರದ ಪ್ರಭಾವದಿಂದ ಹಳೆಯ ಇಂಗ್ಲಿಷಿನಲ್ಲಿ ‘ಸ್ವೇಟೆ’ ಆಯಿತು, ಆ ‘ಏ’ ಕೊನೆಗೆ ‘ಈ’ ಆಯಿತು. ಹೋಲಿಸುವಾಗ ಸಿಗುವ ಅತಿ ಹಳೆಯ ರೂಪವನ್ನೇ ಹಿಡಿಯಬೇಕು ಅನ್ನುವುದು ಇದಕ್ಕೇ.

ಸಿಹಿಯ ಬಳಗ ದ್ರಾವಿಡದಲ್ಲಿದೆ: ತೆಲುಗಿನ ‘ತೀಪಿ’, ತಮಿಳಿನ ‘ತಿತ್ತಿಪ್ಪು’. ನಮ್ಮ ಸಕಾರದ ಜಾಗದಲ್ಲಿ ಅಲ್ಲಿ ತಕಾರವಿದೆ. ಅಂದಮೇಲೆ ಸ್ವೀಟಿನ ಸಕಾರಕ್ಕೂ ಸಿಹಿಯ ಸಕಾರಕ್ಕೂ ಸಂಬಂಧವಿಲ್ಲ. ಕನ್ನಡದ ‘ಸ್ವಾದ’ವನ್ನು ಸಾಕ್ಷಿಗೆ ಕರೆಯಲೂ ಆಗದು, ಅದು ಸಂಸ್ಕೃತದಿಂದ ನಾವು ತಂದುಕೊಂಡದ್ದು. ಎರವಲು ಪದವನ್ನು ರಕ್ತಸಂಬಂಧಿ ಎಂದು ಎಣಿಸುವುದೇ ಈ ಕೆಲಸದಲ್ಲಿ ಹೆಚ್ಚಾಗಿ ಆಗುವ ತಪ್ಪು.

ಪ್ರಶ್ನೆ: ಹಾಗಾದರೆ ಲ್ಯಾಟಿನ್ ‘ಸ್ವಾವಿಸ್’ನಲ್ಲಿ ದಕಾರ ಎಲ್ಲಿ ಹೋಯಿತು?

ಉತ್ತರ: ಅಲ್ಲಿ ಉಕಾರಾಂತ ಗುಣವಾಚಕಗಳಿಗೆ ಇನ್ನೊಂದು ಇಕಾರ ಅಂಟಿಕೊಂಡಿತು. ತನು–ತೆನುಇಸ್, ಲಘು–ಲೆವಿಸ್, ಗುರು (ಭಾರವಾದ)–ಗ್ರವಿಸ್, ಎಲ್ಲವೂ ಹೀಗೇ ಆದವು. ‘ಸ್ವಾದು’ ರೂಪ ‘ಸ್ವಾದ್ವಿಸ್’ ಆದಾಗ ವಕಾರದ ಹಿಂದಿನ ದಕಾರ ಬಿದ್ದುಹೋಯಿತು.

ಪ್ರಶ್ನೆ: ಪದದ ಮುಂದಿನ ನಕ್ಷತ್ರ, ನಡುವಿನ ‘ಹ್₂’ ಏನು?

ಉತ್ತರ: ನಕ್ಷತ್ರವೆಂದರೆ ಆ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ಹೋಲಿಕೆಯಿಂದ ಊಹಿಸಿದ್ದು ಎಂದರ್ಥ. ‘ಹ್₂’ ಪಕ್ಕದ ‘ಎ’ಯನ್ನು ‘ಅ’ ಮಾಡಿ, ತಾನು ಮಾಯವಾಗುವಾಗ ಅದನ್ನು ದೀರ್ಘಗೊಳಿಸಿದ ವ್ಯಂಜನ. ಸ್ವಾದುವಿನ ‘ಆ’ ಬಂದದ್ದು ಹಾಗೆ. ಇಂಥ ಧ್ವನಿಗಳಿದ್ದಿರಬೇಕು ಎಂದು ಸ್ವಿಸ್ ಭಾಷಾಶಾಸ್ತ್ರಜ್ಞ ಸೊಸ್ಯೂರ್ 1879ರಲ್ಲಿ ಬರೀ ಸ್ವರಗಳ ಲೆಕ್ಕಾಚಾರದಿಂದ ಹೇಳಿದ್ದರು. 1927ರಲ್ಲಿ ಪೋಲೆಂಡಿನ ಭಾಷಾಶಾಸ್ತ್ರಜ್ಞ ಕುರಿಲೋವಿಚ್, ಇದೇ ಮನೆತನದ ಪ್ರಾಚೀನ ಹಿಟೈಟ್ ಭಾಷೆಯ (ಇಂದಿನ ಟರ್ಕಿಯಲ್ಲಿದ್ದದ್ದು) ‘ಹ’ಕಾರ ಅದೇ ಜಾಗಗಳಲ್ಲಿ ಇರುವುದನ್ನು ತೋರಿಸಿದರು. ಭಾಷಾಶಾಸ್ತ್ರದಲ್ಲಿ ಇಷ್ಟು ಚೆನ್ನಾಗಿ ನಿಜವಾದ ಊಹೆ ಅಪರೂಪ.

ಪ್ರಶ್ನೆ: ‘ಸ್ವಾದಿಷ್ಟ’ ಸರಿಯೋ, ‘ಸ್ವಾದಿಷ್ಠ’ ಸರಿಯೋ?

ಉತ್ತರ: ಮಹಾಪ್ರಾಣವೇ ಸರಿ. ‘ಸ್ವಾದ’ ಮತ್ತು ‘ಇಷ್ಟ’ ಸೇರಿದ ಪದ ಎಂದುಕೊಂಡು ಅನೇಕರು ಟಕಾರ ಬರೆಯುತ್ತಾರೆ. ಹಾಗಿದ್ದಿದ್ದರೆ ಗುಣಸಂಧಿಯಾಗಿ ‘ಸ್ವಾದೇಷ್ಟ’ ಆಗಬೇಕಿತ್ತು. ಇಲ್ಲಿರುವುದು ‘ಎಲ್ಲಕ್ಕಿಂತ ಹೆಚ್ಚು’ ಎನ್ನುವ ‘ಇಷ್ಠ’ ಪ್ರತ್ಯಯ; ಅದು ಹತ್ತುವಾಗ ಸ್ವಾದುವಿನ ಉಕಾರ ಬೀಳುತ್ತದೆ. ಲಘುವಿನಿಂದ ಲಘಿಷ್ಠ, ಗುರುವಿನಿಂದ ಗರಿಷ್ಠ ಆಗುವುದೂ ಹೀಗೆಯೇ. ಋಗ್ವೇದದ ಒಂಬತ್ತನೆಯ ಮಂಡಲದ ಮೊದಲ ಪದವೇ ‘ಸ್ವಾದಿಷ್ಠಯಾ’. ಗ್ರೀಕಿನ ‘ಹೇದಿಸ್ತೋಸ್’, ಇಂಗ್ಲಿಷಿನ ‘ಸ್ವೀಟೆಸ್ಟ್’ಗಳಲ್ಲಿ ಇರುವುದೂ ಇದೇ ಪ್ರತ್ಯಯ.