ತಳ್ಳಬೇಡಿ, ಅದು ಸುಮ್ನೆ ದಡಕ್ಕೆ ಬಂದಿಲ್ಲ

ಬೈಂದೂರಿನ ಹತ್ತಿರದ ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರ ಉದ್ದವಿದೆ, ಮುಖ್ಯ ಭಾಗ ಇಷ್ಟು:

“ಕಳೆದ ಜುಲೈಯಲ್ಲಿ ನಮ್ಮ ಮನೆಯ ಹಿಂದಿನ ಕಡಲ ದಂಡೆಗೆ ಒಂದು ಕಡಲಾಮೆ ಬಂದು ಬಿದ್ದಿತ್ತು. ಮೈಗೆಲ್ಲ ಹರಿದ ಬಲೆ. ಮುಂದಿನ ಒಂದು ಕಾಲಿಗೆ ಹಗ್ಗ ಬಿಗಿದು ಮೂಳೆ ಕಾಣುತ್ತಿತ್ತು. ಬಲೆ ಕೊಯ್ದು, ನಾಲ್ಕು ಜನ ಸೇರಿ ನೀರಿಗೆ ಬಿಟ್ಟೆವು. ಅಲೆ ವಾಪಸ್ ತಂದು ಹಾಕಿತು. ಮತ್ತೆ ಬಿಟ್ಟೆವು. ಮೂರನೇ ಸಲ ಹೋಯಿತು. ಬೆಳಿಗ್ಗೆ ನೋಡಿದರೆ ಸತ್ತು ಬಿದ್ದಿದೆ. ‘ಫಾರೆಸ್ಟಿನವರಿಗೆ ಫೋನ್ ಮಾಡುವ ಅಂತ ನಾನು ಹೇಳಿದ್ದೆ’ ಎಂದು ಎಂಟನೇ ಕ್ಲಾಸಿನ ಮಗಳು ಈಗಲೂ ಚುಚ್ಚುತ್ತಾಳೆ. ಸಮುದ್ರದ ಪ್ರಾಣಿಯನ್ನು ಸಮುದ್ರಕ್ಕೆ ಬಿಟ್ಟದ್ದು ತಪ್ಪಾ? ಕಾಲು ಹೋದ ಆಮೆ ಹೇಗೂ ಬದುಕುತ್ತಿತ್ತಾ?”

ತಪ್ಪು ಹೌದು ಮಾರಾಯ್ರೆ. ಮಗಳು ಹೇಳಿದ್ದೇ ಸರಿ. ಹೀಗೆ ಮುಖಕ್ಕೆ ಹೇಳುವ ಧೈರ್ಯ ನನಗೆ ಯಾಕೆ ಬಂತೆಂದರೆ, ಸುಮಾರು ಇಪ್ಪತ್ತು ವರ್ಷದ ಹಿಂದೆ ಕಾಪುವಿನ ದಂಡೆಯಲ್ಲಿ ನಾನೂ ಇದನ್ನೇ ಮಾಡಿದ್ದೇನೆ. ಆಮೆ ನೀರಿನಲ್ಲಿ ಮರೆಯಾದಾಗ ಸುತ್ತಲಿದ್ದವರು ಚಪ್ಪಾಳೆ ತಟ್ಟಿದ್ದರು. ಆಮೇಲೆ ಅದಕ್ಕೇನಾಯಿತು ಎಂದು ನೋಡುವುದಕ್ಕೆ ನಾನು ಮಾರನೇ ದಿನ ಅಲ್ಲಿರಲಿಲ್ಲ. ನೀವು ಇದ್ದಿರಿ, ಅಷ್ಟೇ ವ್ಯತ್ಯಾಸ.

ಕಡಲಾಮೆ ಮೀನಲ್ಲ. ನಮ್ಮ ಹಾಗೆ ಶ್ವಾಸಕೋಶದಿಂದ ಉಸಿರಾಡುತ್ತದೆ. ಮೇಲೆ ಬಂದು ತಲೆ ಎತ್ತಿ ಗಾಳಿ ಎಳೆದುಕೊಳ್ಳಲೇಬೇಕು. ಆ ಶಕ್ತಿಯೂ ಉಳಿಯದಿದ್ದಾಗ ಸಮುದ್ರವೇ ಅದನ್ನು ಮುಳುಗಿಸುತ್ತದೆ. ನಮ್ಮ ಕಡೆ ಹೆಚ್ಚಾಗಿ ಕಾಣುವ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುವುದು ಚಳಿಗಾಲದಿಂದ ಬೇಸಿಗೆ ಶುರುವಾಗುವವರೆಗೆ. ಅವು ರಾತ್ರಿ ಬಂದು, ಗುಂಡಿ ತೋಡಿ, ಮೊಟ್ಟೆಯಿಟ್ಟು ತಾವೇ ವಾಪಸ್ ಹೋಗುತ್ತವೆ. ಜುಲೈಯಲ್ಲಿ ಅಲೆಯ ಜೊತೆ ಬಂದು ಬಿದ್ದ ಆಮೆಯ ಕಥೆ ಬೇರೆ. ಗಾಯವೋ ಕಾಯಿಲೆಯೋ ಆಗಿ, ಈಜಲಾಗದೆ, ಮಳೆಗಾಲದ ಕಡಲು ಹೊತ್ತು ತಂದು ಹಾಕಿದ ಆಮೆ ಅದು. ಎರಡು ಸಲ ವಾಪಸ್ ಬಂತಲ್ಲ, ಆಗಲೇ ಉತ್ತರ ಸಿಕ್ಕಿತ್ತು.

ಹಾಗಾದರೆ ಏನು ಮಾಡಬೇಕಿತ್ತು? ಹೆಚ್ಚೇನೂ ಇಲ್ಲ. ಅಲೆ ತಾಗದಷ್ಟು ಮೇಲಕ್ಕೆ ತರಬೇಕು. ಎತ್ತುವಾಗ ಚಿಪ್ಪಿನ ಎರಡು ಅಂಚು ಹಿಡಿಯಬೇಕು, ಕಾಲು ಹಿಡಿದು ಎಳೆಯಬಾರದು. ಬೆನ್ನಡಿಯಾಗಿ ಮಲಗಿಸಬಾರದು. ಹಳೆ ಟೈರು ಇದ್ದರೆ ಅದರ ಮೇಲೆ ಕೂರಿಸಿ, ಹೊಟ್ಟೆಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ, ಅದು ಓಡಿಹೋಗುವುದೂ ಇಲ್ಲ. ನೆರಳು ಮಾಡಿ, ಮೂಗು ಬಿಟ್ಟು ಉಳಿದ ಮೈಗೆ ಒದ್ದೆ ಬಟ್ಟೆ ಹೊದಿಸಿ. ತಿನ್ನಲು ಏನೂ ಬೇಡ, ಬಾಯಿಗೆ ನೀರು ಹೊಯ್ಯುವುದೂ ಬೇಡ. ಜನರನ್ನು, ನಾಯಿಗಳನ್ನು ದೂರ ಇಟ್ಟರೆ ಅದೇ ದೊಡ್ಡ ಸೇವೆ. ಇನ್ನೊಂದು ಮಾತು. ಬಲೆಯಲ್ಲಿ ಸಿಕ್ಕಿ ಸತ್ತಂತೆ ಕಾಣುವ ಆಮೆ ಎಷ್ಟೋ ಸಲ ಸತ್ತಿರುವುದಿಲ್ಲ, ಪ್ರಜ್ಞೆ ತಪ್ಪಿರುತ್ತದೆ. ಹಿಂಭಾಗವನ್ನು ಒಂದು ಗೇಣು ಎತ್ತರಿಸಿ ಇಟ್ಟರೆ ಶ್ವಾಸಕೋಶದ ನೀರು ಇಳಿದು ಉಸಿರು ಬರಬಹುದು. ಅದಕ್ಕೆ ಕೆಲವೊಮ್ಮೆ ಇಡೀ ದಿನ ಕಾಯಬೇಕಾಗುತ್ತದೆ.

ಆಸ್ಪತ್ರೆಗೆ ತಂದ ಮೇಲೂ ಅದನ್ನು ತಕ್ಷಣ ನೀರಿಗೆ ಬಿಡುವುದಿಲ್ಲ. ತುಂಬಾ ಸೋತ ಆಮೆಯನ್ನು ದಪ್ಪ ಫೋಮಿನ ಮೇಲೆ, ಒದ್ದೆ ಟವೆಲಿನಡಿ ಇಡುತ್ತಾರೆ, ಇಲ್ಲವೇ ಎದೆಮಟ್ಟವೂ ಮುಳುಗದಷ್ಟು ನೀರಿನಲ್ಲಿ. ಮೊದಲ ದಿನ ಸಿಹಿನೀರಿನಲ್ಲಿ ಇಡುವುದೂ ಉಂಟು. ಚಿಪ್ಪಿಗೆ ಅಂಟಿಕೊಂಡ ಪುಟಾಣಿ ಬಿಳಿ ಚಿಪ್ಪುಜೀವಿಗಳು ಸಿಹಿನೀರಿಗೆ ಸತ್ತು ಉದುರುತ್ತವೆ. ಎಕ್ಸ್‌ರೇ ತೆಗೆದರೆ ಗಂಟಲಲ್ಲಿ ಸಿಕ್ಕಿಕೊಂಡ ಗಾಳ ಕಾಣಬಹುದು. ಕೊಳೆತ ಕಾಲನ್ನು ಭುಜದ ಹತ್ತಿರವೇ ಕತ್ತರಿಸಬೇಕಾಗುತ್ತದೆ. ಆಮೆಯದು ತಣ್ಣನೆಯ ರಕ್ತ, ಎಲ್ಲವೂ ನಿಧಾನ. ಕೆಲವು ಆ್ಯಂಟಿಬಯೋಟಿಕ್ ಚುಚ್ಚುಮದ್ದನ್ನು 3 ದಿನಕ್ಕೊಮ್ಮೆ ಕೊಟ್ಟರೆ ಸಾಕು, ಅಷ್ಟು ಹೊತ್ತು ಅದು ಮೈಯಲ್ಲೇ ಇರುತ್ತದೆ. ಗಾಯ ಮಾಯಲು ತಿಂಗಳುಗಟ್ಟಲೆ ಬೇಕು. ‘ಆಮೆವೇಗ’ ಎಂದು ನಾವು ತಮಾಷೆ ಮಾಡುತ್ತೇವೆ. ಇಲ್ಲಿ ಡಾಕ್ಟರೂ ಅದೇ ವೇಗಕ್ಕೆ ಒಗ್ಗಿಕೊಳ್ಳಬೇಕು.

ಎಲ್ಲಕ್ಕಿಂತ ಕಾಡುವ ತೊಂದರೆ ತೇಲುವುದು. ಶ್ವಾಸಕೋಶ ಹರಿದರೆ, ಅಥವಾ ಪ್ಲಾಸ್ಟಿಕ್ ತಿಂದು ಕರುಳಿನಲ್ಲಿ ಗಾಳಿ ಸೇರಿದರೆ, ಆಮೆ ಒಂದು ಕಡೆ ವಾಲಿಕೊಂಡು ತೇಲುತ್ತಲೇ ಇರುತ್ತದೆ. ಮುಳುಗಲಾಗದಿದ್ದರೆ ಊಟ ಸಿಗುವುದಿಲ್ಲ, ದೋಣಿಯಿಂದ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಅಮೆರಿಕದ ಫ್ಲಾರಿಡಾದ ಮ್ಯಾರಥಾನ್ ಎಂಬ ಊರಿನಲ್ಲಿ 1986ರಿಂದ ಒಂದು ಆಮೆ ಆಸ್ಪತ್ರೆ ಇದೆ. ಅಲ್ಲಿ ಇಂಥ ಆಮೆಗಳ ಚಿಪ್ಪಿಗೆ ತೂಕದ ತುಂಡು ಅಂಟಿಸುತ್ತಾರೆ, ಆಗ ಅವು ನೆಟ್ಟಗೆ ಈಜುತ್ತವೆ. ಆದರೆ ಚಿಪ್ಪು ಬೆಳೆದಂತೆ ತುಂಡು ಉದುರುತ್ತದೆ, ಮತ್ತೆ ಅಂಟಿಸಬೇಕು. ಅಂಥ ಆಮೆಗೆ ಆಸ್ಪತ್ರೆಯೇ ಕೊನೆಯವರೆಗೂ ಮನೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಬದುಕುತ್ತದೆ! ಮೂರು ಕಾಲಿನ ಆಮೆ ಚೆನ್ನಾಗಿ ಈಜಲು ಕಲಿಯುತ್ತದೆ. ಮಾಲ್ಡೀವ್ಸಿನ ಬಾ ಹವಳದ್ವೀಪದಲ್ಲಿ 2017ರಲ್ಲಿ ಒಂದು ಆಮೆ ಚಿಕಿತ್ಸಾ ಕೇಂದ್ರ ಶುರುವಾಯಿತು. ಅಲ್ಲಿಗೆ ಬರುವ ರೋಗಿಗಳಲ್ಲಿ ಹೆಚ್ಚಿನವು ಆಲಿವ್ ರಿಡ್ಲಿಗಳು, ಬಲೆಗೆ ಸಿಕ್ಕಿ ಕಾಲು ಕಳೆದುಕೊಂಡವು. ಕಾಲು ತೆಗೆದು, ಗುಣಪಡಿಸಿ, ಎಷ್ಟೋ ಆಮೆಗಳನ್ನು ಮತ್ತೆ ಕಡಲಿಗೆ ಬಿಟ್ಟಿದ್ದಾರೆ. ಸೋಜಿಗವೇನು ಗೊತ್ತಾ? ಮಾಲ್ಡೀವ್ಸಿನವರು ಟ್ಯೂನಾ ಹಿಡಿಯುವುದು ಗಾಳ ಹಾಕಿ, ಒಂದೊಂದೇ. ಆ ಬಲೆಗಳು ಬೇರೆ ದೇಶಗಳ ಕಡೆಯಿಂದ ಮಾನ್ಸೂನ್ ಪ್ರವಾಹದಲ್ಲಿ ತೇಲಿ ಬಂದವು. ಹೀಗೆ ಸಮುದ್ರಪಾಲಾದ ಬಲೆಗೆ ‘ಗೋಸ್ಟ್ ನೆಟ್’ ಎನ್ನುತ್ತಾರೆ. ಹೆಸರು ಸರಿಯಾಗಿಯೇ ಇದೆ. ಹಾಕಿದವನು ಮನೆ ಸೇರಿದ್ದರೂ ಬಲೆ ಹಿಡಿಯುತ್ತಲೇ ಇರುತ್ತದೆ.

ಮಗಳಿಗೆ ಯೋಶಿಯ ಕಥೆ ಹೇಳಿ. ಯೋಶಿ ಲಾಗರ್‌ಹೆಡ್ ಜಾತಿಯ ಹೆಣ್ಣಾಮೆ. 1997ರಲ್ಲಿ ಜಪಾನಿನ ಮೀನುಗಾರಿಕೆ ಹಡಗಿನವರಿಗೆ ಚಿಪ್ಪಿಗೆ ಪೆಟ್ಟಾದ ಪುಟ್ಟ ಮರಿಯಾಗಿ ಸಿಕ್ಕಿತು. ಅವರು ಅದನ್ನು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಅಕ್ವೇರಿಯಂಗೆ ಒಪ್ಪಿಸಿದರು. 20 ವರ್ಷ ಅಲ್ಲೇ ಬೆಳೆದು 180 ಕಿಲೋ ದಾಟಿತು. ಬಿಡುವ ಮೊದಲು ತಿಂಗಳುಗಟ್ಟಲೆ ಈಜಿನ ವ್ಯಾಯಾಮ ಮಾಡಿಸಿ, 2017ರ ಡಿಸೆಂಬರಿನಲ್ಲಿ ಬೆನ್ನಿಗೆ ಉಪಗ್ರಹದ ಟ್ಯಾಗ್ ಅಂಟಿಸಿ ಬಿಟ್ಟರು. 2020ರ ಹೊತ್ತಿಗೆ ಅದು ಇಡೀ ಹಿಂದೂ ಮಹಾಸಾಗರ ದಾಟಿ ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯಲ್ಲಿತ್ತು. 35 ಸಾವಿರ ಕಿಲೋಮೀಟರಿಗಿಂತ ಜಾಸ್ತಿ ಈಜಿತ್ತು.

ಪತ್ರದ ಕೊನೆಯಲ್ಲಿ ನಿಮ್ಮ ಭಾವನ ಮಾತೂ ಬರೆದಿದ್ದೀರಿ. ಆಮೆ ಸಿಕ್ಕಿದರೆ ಕಂತಬಲೆ ಕೊಯ್ಯಬೇಕು, ನಷ್ಟ ಯಾರು ಕೊಡುತ್ತಾರೆ ಎಂದು. ಆ ಪ್ರಶ್ನೆ ಸುಮ್ನೆ ಗೊಣಗಾಟವಲ್ಲ. ಕಡಲಾಮೆ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ, ಹುಲಿಯ ಸಾಲಿನಲ್ಲಿ. ಅದನ್ನು ಉಳಿಸುವ ಖರ್ಚನ್ನು ದೋಣಿಯವನೊಬ್ಬನೇ ಯಾಕೆ ಹೊರಬೇಕು? ಮಹಾರಾಷ್ಟ್ರ ಸರಕಾರ 2018ರ ಕೊನೆಯಲ್ಲಿ ಇದಕ್ಕೊಂದು ದಾರಿ ಮಾಡಿತು. ಇಂಥ ಪ್ರಾಣಿಯನ್ನು ಬಿಡಿಸಲು ಬಲೆ ಕೊಯ್ದವರಿಗೆ 25,000 ರೂಪಾಯಿವರೆಗೆ ಪರಿಹಾರ. ಬಿಡಿಸುವಾಗಿನ ಫೋಟೊ ಇರಬೇಕು. ನಿಮ್ಮ ಭಾವ ನಮ್ಮಲ್ಲಿನ ಮೀನುಗಾರರ ಸಂಘದ ಸಭೆಯಲ್ಲಿ ಈ ವಿಷಯ ಎತ್ತಲಿ. ಬೇಕಾದ ವಿವರ ನಾವು ಕಳಿಸುತ್ತೇವೆ.

ಕರ್ನಾಟಕದ ಅರಣ್ಯ ಇಲಾಖೆಯ ಸಹಾಯವಾಣಿ 1926. ಮಗಳ ಕೈಯಲ್ಲೇ ಬರೆಸಿ, ನಿಮ್ಮೂರಲ್ಲಿ ದೋಣಿ ಇಡುವ ಚಪ್ಪರದ ಕಂಬಕ್ಕೆ ಹೊಡೆಯಿರಿ. ದೊಡ್ಡ ಅಕ್ಷರದಲ್ಲಿ, ಮಳೆಗೆ ಅಳಿಸದ ಬಣ್ಣದಲ್ಲಿ.

— ಸಂ.