ಬೇವಿನ ಗಿಡದ ಮೇಲಿನ ಬಳ್ಳಿ: ಅಪ್ಪಾಜಿಗೆ ದಿನಾ ಕೊಡಬಹುದಾ?

ನಮಸ್ಕಾರ ರೀ. ಮುಧೋಳದ ನಿಮ್ಮ ಹಿತ್ತಲಿನ ಬೇವಿನ ಗಿಡಕ್ಕೆ ಹಬ್ಬಿರುವುದು ಅಮೃತಬಳ್ಳಿಯೇ ಹೌದಾ, ಶುಗರ್ ಮಾತ್ರೆ ತಗೊಳ್ಳುವ ಅಪ್ಪಾಜಿಗೆ ಅದರ ಕಷಾಯ ದಿನಾ ಕೊಡಬಹುದಾ ಅಂತ ಕೇಳಿದ್ದೀರಿ.

ಮೊದಲು ಗುರುತು. ಎಲೆ ಹೃದಯದ ಆಕಾರ, ಮೇಲಿಂದ ದಾರದಂಥ ಬೇರು ಜೋತಾಡುತ್ತವೆ. ಕಾಂಡ ಅಡ್ಡ ಕೊಯ್ದರೆ ಗಾಡಿಯ ಗಾಲಿಯ ಹಾಗೆ ಗೆರೆ ಕಾಣುತ್ತವೆ. ಕಿತ್ತು ನೇತುಹಾಕಿದ ತುಂಡೂ ಬೇಗ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಅಮೃತ ಅನ್ನೋ ಹೆಸರು ಸುಮ್ನೆ ಬಂದಿಲ್ಲ ಬಿಡಿ! ಆದರೆ ಕಾಂಡದ ತುಂಬಾ ದಪ್ಪ ಗಂಟುಗಳಿದ್ದು, ಕೊಯ್ದಾಗ ಹಾಲು ಬಂದರೆ ಮುಟ್ಟಬೇಡಿ. ಅದು ಇದರದೇ ಜಾತಿಯ ಬೇರೆ ಬಳ್ಳಿ, ಲಿವರಿಗೆ ಒಳ್ಳೆಯದಲ್ಲ.

ನಮ್ಮ ವಿಜಯಪುರದ ಮನೆಯಲ್ಲಿ ಅವ್ವ ಜ್ವರ ಬಂದಾಗ ಬೆರಳುದ್ದದ ಕಾಂಡ ಜಜ್ಜಿ, ಶುಂಠಿ ಹಾಕಿ ಕುದಿಸಿ ಕೊಡುತ್ತಿದ್ದಳು. ವಿಪರೀತ ಕಹಿ. ಬೆಲ್ಲ ಕಚ್ಚಿಕೊಂಡು ಕುಡಿಯುತ್ತಿದ್ದೆವು. ಅದೂ ಮೂರ್ನಾಲ್ಕು ದಿನ ಅಷ್ಟೇ. ಆಯುರ್ವೇದದಲ್ಲಿ ಜ್ವರ, ಕೀಲುನೋವು, ಸಕ್ಕರೆ ಕಾಯಿಲೆಗೆ ಇದನ್ನು ಬಳಸುತ್ತಾರೆ.

ದಿನಾ ಅಂದರೆ ನಾನು ಬೇಡ ಅಂತೀನಿ. ಇದು ಸಕ್ಕರೆ ಇಳಿಸಬಲ್ಲದು. ಮಾತ್ರೆಯ ಜೊತೆ ಸೇರಿದರೆ ಜಾಸ್ತಿ ಇಳಿದು ತಲೆ ಸುತ್ತಬಹುದು. 2020ರಲ್ಲಿ ಕೊರೊನಾ ಭಯಕ್ಕೆ ಜನ ತಿಂಗಳುಗಟ್ಟಲೆ ಕುಡಿದರು, ಅಲ್ವಾ? ಆಗ ಮುಂಬೈಯಲ್ಲಿ ಕೆಲವರಿಗೆ ಲಿವರ್ ಊತ ಬಂದದ್ದನ್ನು ವೈದ್ಯರು ವರದಿ ಮಾಡಿದರು. ಬಳ್ಳಿಯೇ ಕಾರಣವಾ, ಅಥವಾ ಆ ಇನ್ನೊಂದು ಬಳ್ಳಿ ಬೆರೆತಿತ್ತಾ ಅಂತ ಜಗಳವೂ ಆಯಿತು.

ಒಂದು ತುಂಡು ಕಿತ್ತುಕೊಂಡು ಅಪ್ಪಾಜಿ ಜೊತೆ ಆಯುರ್ವೇದ ಡಾಕ್ಟರ ಹತ್ತಿರ ಹೋಗಿ. ಮಾತ್ರೆ ಚೀಟಿ ಮರೀಬೇಡಿ.